ಹೊಲದಲ್ಲಿ ಸಿಕ್ಕಿದ್ದು ಲಿಥಿಯಂ ಕಲ್ಲೇ? ಹೌದಾದರೆ ಏನು ಮಾಡೋದು?

ಪ್ರಶ್ನೆ: ಸರ್, ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕು. ನಾಲೆ ನೀರು ಹತ್ತದ ಕಡೆ ಎರಡೂವರೆ ಎಕರೆ ಖುಷ್ಕಿ ಇದೆ. ರಾಗಿ, ಹುರುಳಿ ಹಾಕುತ್ತೇವೆ. ಈ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಕೃಷಿ ಹೊಂಡ ತೋಡಿಸುವಾಗ ಆರಡಿ ಕೆಳಗೆ ಬೆಣಚುಕಲ್ಲಿನ ಪಟ್ಟೆ ಸಿಕ್ಕಿತು. ಅದರೊಳಗೆ ಬೂದು-ಹಸಿರು ಬಣ್ಣದ, ಸೀಳಿದ ಸೌದೆಯ ಹಾಗಿರುವ ಕಲ್ಲುಗಳು. ಕೆಲವು ಮೊಳದುದ್ದ ಇವೆ. ಸುದ್ದಿ ಹಬ್ಬಿ ಬೆಂಗಳೂರಿಂದ ಒಬ್ಬರು ಬಂದರು. ಗನ್ನಿನಂಥ ಮಿಷಿನ್ ಹಿಡಿದು ‘ಲಿಥಿಯಂ ಶೇ 6 ಇದೆ’ ಅಂತ ಸ್ಕ್ರೀನ್ ತೋರಿಸಿದರು. ಹತ್ತು ಸಾವಿರ ಅಡ್ವಾನ್ಸ್ ಕೊಡ್ತೀನಿ, ಸ್ಟಾಂಪ್ ಪೇಪರ್‌ಗೆ ಸಹಿ ಹಾಕಿ ಅಂತಿದ್ದಾರೆ. ಊರಲ್ಲಿ ಕೆಲವರು ‘ಸರ್ಕಾರ ಜಮೀನು ಕಿತ್ಕೊಳ್ಳುತ್ತೆ, ಹೊಂಡ ಮುಚ್ಚಿಸಿಬಿಡು’ ಅಂತಾರೆ. ನನ್ನ ಹೆಂಡತಿಗೆ ರೇಡಿಯೇಷನ್ ಭಯ. ಒಂಬತ್ತನೇ ಕ್ಲಾಸಿನ ಮಗ ಗುಲಾಬಿ ಬಣ್ಣದ ಒಂದು ತುಂಡನ್ನು ಕಿಟಕಿಯಲ್ಲಿಟ್ಟುಕೊಂಡಿದ್ದಾನೆ, ಎಸೆಯೋಕೆ ಬಿಡ್ತಿಲ್ಲ. ಲಿಥಿಯಂ ನೀರಿಗೆ ಬಿದ್ದರೆ ಉರಿಯುತ್ತಂತೆ, ಹೊಂಡಕ್ಕೆ ನೀರು ಬಿಡಬಹುದಾ? ಕಲ್ಲು ಮಾರಬಹುದಾ? ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಎರಡು ಮಾತು. ಸಹಿ ಹಾಕಬೇಡಿ. ಹೊಂಡಕ್ಕೆ ನೀರು ಬಿಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಆಸೆ, ಭಯ ಎರಡೂ ಒಂದೇ ಕಲ್ಲಿಗೆ ಅಂಟಿಕೊಂಡಿವೆ. ಕೋಟಿ ಬಂತು ಅಂತ ಒಬ್ಬರು, ಜಮೀನು ಹೋಯ್ತು ಅಂತ ಇನ್ನೊಬ್ಬರು. ಮಂಡ್ಯ ಕಡೆಯಿಂದ ಇಂಥ ಪ್ರಶ್ನೆ ನನಗೆ ಬರೋದು ಇದೇ ಮೊದಲಲ್ಲ. ಬ್ಯಾಟರಿಗೆ ಬೇಕಾಗುವ ಲಿಥಿಯಂ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಬದುವಿನ ಮೇಲಿನ ಬೆಣಚುಕಲ್ಲನ್ನೂ ಜನ ಚೀಲದಲ್ಲಿ ತುಂಬಿಕೊಂಡು ಮೈಸೂರಿಗೆ ತರುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಬೆಣಚುಕಲ್ಲೇ. ಆದರೆ ನಿಮ್ಮ ಮೂರನೇ ಫೋಟೊ ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಬಾಲ್‌ಪೆನ್ ಪಕ್ಕ ಇಟ್ಟಿದ್ದೀರಲ್ಲ, ಆ ಕಲ್ಲು. ಉದ್ದಕ್ಕೆ ಕಬ್ಬಿನ ಸಿಪ್ಪೆಯಂತೆ ಗೀರುಗಳು. ತುದಿಯಲ್ಲಿ ಸೌದೆ ಚಕ್ಕೆಯ ಹಾಗೆ ಸಿಬಿರು ಸಿಬಿರಾಗಿ ಮುರಿದಿದೆ. ಮೈ ಮೇಲೆ ಮಂಕು ಪೊರೆ, ಒಳಗೆ ಗಾಜಿನ ಹೊಳಪು. ಇದು ಸ್ಪಾಡ್ಯುಮೀನ್ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ‘ಆಗಿರುವ ಸಾಧ್ಯತೆ’ ಅಂತಲೇ ಹೇಳುತ್ತೇನೆ. ಫೋಟೊ ನೋಡಿ ಖನಿಜದ ಹೆಸರನ್ನು ಖಡಾಖಂಡಿತ ಹೇಳುವವರನ್ನು ನಂಬಬೇಡಿ, ಅದು ನಾನೇ ಆದರೂ.

ಸ್ಪಾಡ್ಯುಮೀನ್ ಅಂದರೆ ಲಿಥಿಯಂ, ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದ ಸಿಲಿಕೇಟ್ ಖನಿಜ. 1800ರಲ್ಲಿ ಇದಕ್ಕೆ ಹೆಸರಿಟ್ಟವರು ಜೋಸೆ ಬೊನಿಫಾಸಿಯೊ ಎಂಬ ಬ್ರೆಜಿಲ್‌ನವರು, ಸ್ವೀಡನ್ನಿನ ಊಟೊ ದ್ವೀಪದ ಕಲ್ಲು ನೋಡಿ. ಗ್ರೀಕ್ ಭಾಷೆಯಲ್ಲಿ ‘ಸುಟ್ಟು ಬೂದಿಯಾದದ್ದು’ ಅಂತ ಅರ್ಥ. ಆ ಮನುಷ್ಯ ಮುಂದೆ ಬ್ರೆಜಿಲ್ ಸ್ವಾತಂತ್ರ್ಯದ ದೊಡ್ಡ ನಾಯಕರಾದರು, ಕಲ್ಲು ಮಾತ್ರ ಬೂದಿ ಹೆಸರಲ್ಲೇ ಉಳಿಯಿತು. ತಮಾಷೆ ಅಂದರೆ ಆಗ ಲಿಥಿಯಂ ಅನ್ನೋದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1817ರಲ್ಲಿ ಅದೇ ಊಟೊದ ಪೆಟಲೈಟ್ ಎಂಬ ಇನ್ನೊಂದು ಖನಿಜದಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಆರ್ಫ್‌ವೆಡ್ಸನ್ ಅದನ್ನು ಪತ್ತೆ ಮಾಡಿದರು.

ಇದು ನಿಮ್ಮ ಹೊಲದಲ್ಲಿ ಯಾಕೆ ಬಂತು? ನಿಮ್ಮ ಸುತ್ತಲಿನ ನೆಲ ಬಹಳ ಹಳೇದು, ಸುಮಾರು 300 ಕೋಟಿ ವರ್ಷದ ಗ್ನೈಸ್ ಕಲ್ಲು. ಅದರ ನಡುವೆ ನಾಗಮಂಗಲ ಕಡೆಯಿಂದ ಇಳಿದು ಬಂದ, ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲಿನ ಪಟ್ಟಿಯೊಂದಿದೆ. ಅದನ್ನು ಸೀಳಿಕೊಂಡು ಪೆಗ್ಮಟೈಟ್ ಎಳೆಗಳು ನುಗ್ಗಿವೆ. ನೀವು ‘ಬೆಣಚುಕಲ್ಲಿನ ಪಟ್ಟೆ’ ಅಂದಿರಲ್ಲ, ಅದು ಬರೀ ಬೆಣಚು ಆಗಿರಲಾರದು. ಫೋಟೊದಲ್ಲಿ ಹಾಲುಬಿಳಿ ಫೆಲ್ಸ್ಪಾರ್ ಇದೆ, ಹಾಳೆ ಹಾಳೆಯಾಗಿ ಏಳುವ ಕಾಗೆಬಂಗಾರವೂ ಇದೆ. ಈ ಮೂರೂ ದಪ್ಪ ದಪ್ಪ ತುಂಡಾಗಿ ಒಟ್ಟಿಗಿದ್ದರೆ ಅದೇ ಪೆಗ್ಮಟೈಟ್.

ನಿಮ್ಮ ಕಡೆ ಆಲೆಮನೆ ನೋಡಿರುತ್ತೀರಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ನೀರೆಲ್ಲ ಆರಿಹೋಗಿ ಬೆಲ್ಲ ಉಳಿಯುತ್ತದೆ. ಭೂಮಿಯ ಒಳಗೆ ನಡೆಯೋದು ಇದರ ಉಲ್ಟಾ. ಕರಗಿದ ಗ್ರಾನೈಟ್ ತಣ್ಣಗಾಗುವಾಗ ಗಟ್ಟಿ ಪದಾರ್ಥ ಮೊದಲು ಹರಳುಗಟ್ಟಿ ಕೂರುತ್ತದೆ, ನೀರು ಕೊನೆಗೆ ಉಳಿಯುತ್ತದೆ. ಲಿಥಿಯಂ, ಬೋರಾನ್, ಬೆರಿಲಿಯಂ, ಟ್ಯಾಂಟಲಂ ಇಂಥವು ಮಾಮೂಲಿ ಹರಳುಗಳ ಚೌಕಟ್ಟಿಗೆ ಒಗ್ಗುವುದಿಲ್ಲ. ಯಾವ ಹರಳೂ ಸೇರಿಸಿಕೊಳ್ಳದೆ ಅವೆಲ್ಲ ಆ ಕೊನೆಯ ನೀರುನೀರಾದ ದ್ರವದಲ್ಲೇ ಉಳಿದುಕೊಳ್ಳುತ್ತವೆ. ಆ ದ್ರವ ಸುತ್ತಲಿನ ಕಲ್ಲಿನ ಬಿರುಕಿಗೆ ನುಗ್ಗಿ ಗಟ್ಟಿಯಾದರೆ ನಿಮ್ಮ ಹೊಲದ ಪಟ್ಟೆ. ಒಳಗೆ ಒತ್ತಡ ಜಾಸ್ತಿ ಇದ್ದರೆ ಲಿಥಿಯಂ ಸ್ಪಾಡ್ಯುಮೀನ್ ಆಗುತ್ತದೆ, ಕಡಿಮೆ ಇದ್ದರೆ ಪೆಟಲೈಟ್ ಆಗುತ್ತದೆ.

ಹರಳು ಇಷ್ಟು ದೊಡ್ಡದಾಗೋದು ಯಾಕೆ ಅನ್ನೋದಕ್ಕೆ ನಾವು ಓದುವಾಗ ‘ಬಹಳ ನಿಧಾನ ತಣ್ಣಗಾಯಿತು’ ಅಂತ ಬರೆದು ಅಂಕ ತೆಗೆದುಕೊಂಡೆವು. ಈಗ ಅದನ್ನು ಅಷ್ಟು ಸುಲಭವಾಗಿ ಯಾರೂ ಒಪ್ಪುವುದಿಲ್ಲ. ತೆಳ್ಳನೆ ಎಳೆ ಬೇಗ ತಣ್ಣಗಾಗಲೇಬೇಕು. ದ್ರವ ನೀರಾಗಿದ್ದರಿಂದ ಪರಮಾಣುಗಳು ಸರಾಗವಾಗಿ ಓಡಾಡಿದವು, ಮೊಳೆತ ಹರಳುಗಳೂ ಕಡಿಮೆ, ಹಾಗಾಗಿ ಇದ್ದ ಕೆಲವೇ ಹರಳು ಬೇಗ ಬೇಗ ಬೆಳೆದವು ಅನ್ನೋದು ಈಗಿನ ವಾದ. ಅಮೆರಿಕದ ಸೌತ್ ಡಕೋಟದ ಎಟ್ಟಾ ಗಣಿಯಲ್ಲಿ 40 ಅಡಿಗಿಂತ ಉದ್ದದ ಒಂದೇ ಸ್ಪಾಡ್ಯುಮೀನ್ ಹರಳು ಸಿಕ್ಕಿತ್ತು. ನಿಮ್ಮ ಮೊಳದುದ್ದದ್ದು ಅದರ ಮುಂದೆ ಕೂಸು.

ಈಗ ಹೆಂಡತಿಯವರ ಭಯ. ಲಿಥಿಯಂ ವಿಕಿರಣ ಸೂಸುವ ವಸ್ತು ಅಲ್ಲ. ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಿಮ್ಮ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಸುತ್ತ ಶೋಧ ಮಾಡಿದ್ದು ಪರಮಾಣು ಖನಿಜ ನಿರ್ದೇಶನಾಲಯ. ‘ಪರಮಾಣು’ ಅಂದ ಕೂಡಲೇ ಜನ ಬಾಂಬ್ ಅಂದುಕೊಂಡರು. ಲಿಥಿಯಂನ ಒಂದು ಬಗೆ ಪರಮಾಣು ಕ್ಷೇತ್ರಕ್ಕೆ ಬೇಕಾಗುತ್ತದೆ, ಅದಕ್ಕೆ ಕಾನೂನಿನಲ್ಲಿ ಅದು ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು, ಅಷ್ಟೆ. ಪೆಗ್ಮಟೈಟ್‌ನಲ್ಲಿ ಅಪರೂಪಕ್ಕೆ ಯುರೇನಿಯಂ ಇರುವ ಕಪ್ಪು, ಭಾರದ ಹರಳುಗಳು ಕಾಣಿಸುತ್ತವೆ. ಅಂಥದ್ದು ಸಿಕ್ಕರೆ ಮಲಗುವ ಕೋಣೆಯಲ್ಲಿ ಇಡಬೇಡಿ. ಬೂದು-ಹಸಿರು ಕಲ್ಲಿಗೆ ಹೆದರಬೇಕಿಲ್ಲ.

ನೀರಿಗೆ ಬಿದ್ದರೆ ಉರಿಯುತ್ತದೆ ಅನ್ನೋದು ಲಿಥಿಯಂ ಲೋಹದ ಮಾತು. ಸೋಡಿಯಂ ಲೋಹವೂ ನೀರಿಗೆ ಬಿದ್ದರೆ ಉರಿಯುತ್ತದೆ. ಅದೇ ಸೋಡಿಯಂ ಇರುವ ಉಪ್ಪನ್ನು ದಿನಾ ಸಾರಿಗೆ ಹಾಕಿ ಉಣ್ಣುತ್ತೇವೆ, ಅಲ್ವಾ? ಕಲ್ಲಿನಲ್ಲಿ ಲಿಥಿಯಂ ಸಿಲಿಕೇಟಿನ ಸರಪಳಿಗಳ ನಡುವೆ ಬಿಗಿಯಾಗಿ ಕೂತಿದೆ. ಅದನ್ನು ಬಿಡಿಸಲು ಕಾರ್ಖಾನೆಯಲ್ಲಿ ಕಲ್ಲನ್ನು 1,050 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಆಗ ಅದರ ರಚನೆಯೇ ಬದಲಾಗಿ ಶೇ 30ರಷ್ಟು ಉಬ್ಬುತ್ತದೆ. ಆಮೇಲೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಮತ್ತೆ ಹುರಿಯಬೇಕು. ಇಷ್ಟು ಹಟ ಮಾಡುವ ಕಲ್ಲು ನಿಮ್ಮ ಹೊಂಡದ ನೀರಿಗೆ ಜಗ್ಗುತ್ತದೆಯೇ? ನೀರಿನ ಬಗ್ಗೆ ಚಿಂತೆ ಇದ್ದರೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಒಂದ್ಸಲ ಪರೀಕ್ಷೆ ಮಾಡಿಸಿ. ಗ್ರಾನೈಟ್ ಸೀಮೆಯಲ್ಲಿ ಅದು ನಿಜವಾದ ತೊಂದರೆ. ಲಿಥಿಯಂ ಗಲಾಟೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನಿಜವಾದ ಅಪಾಯ ಇನ್ನೊಂದಿದೆ, ಧೂಳು. ಬೆಣಚು ಬೆರೆತ ಕಲ್ಲನ್ನು ಒಣಗಿದ್ದಾಗಲೇ ಕುಟ್ಟಿದರೆ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಕಲ್ಲು ಕ್ವಾರಿಯಲ್ಲಿ ದುಡಿದು ಐವತ್ತಕ್ಕೇ ಉಸಿರು ಕಟ್ಟಿದವರನ್ನು ನಾನು ನೋಡಿದ್ದೇನೆ. ಒಡೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆಯಿರಿ. ಒಲೆಗೆ ಹಾಕಿ ಪರೀಕ್ಷೆ ಮಾಡೋದು ಬೇಡ. ಬಿರುಕಿನಲ್ಲಿ ತೇವ ಇದ್ದರೆ ಸಿಡಿಯುತ್ತದೆ.

ಆ ಗನ್ನಿನ ಕಥೆಗೆ ಬರೋಣ. ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಆ ಮಿಷಿನ್ನಿನ ಹೆಸರು ಎಕ್ಸ್‌ಆರ್‌ಎಫ್. ಎಕ್ಸ್-ರೇ ಬಿಟ್ಟು ಯಾವ ಧಾತು ಎಷ್ಟಿದೆ ಅಂತ ಹೇಳುತ್ತದೆ. ಕಬ್ಬಿಣ, ತಾಮ್ರ, ಚಿನ್ನ ಎಲ್ಲಕ್ಕೂ ಒಳ್ಳೆಯದು. ಆದರೆ ಲಿಥಿಯಂ ಎಷ್ಟು ಹಗುರದ ಧಾತು ಅಂದರೆ ಅದು ಈ ಮಿಷಿನ್ನಿಗೆ ಕಾಣಿಸುವುದೇ ಇಲ್ಲ. ಲಿಥಿಯಂ ಹಿಡಿಯುವ ಲೇಸರ್ ಗನ್ ಬೇರೆ ಇದೆ. ಅದಕ್ಕೂ ಗೊತ್ತಿರುವ ಸ್ಯಾಂಪಲ್ ಇಟ್ಟು ಸರಿಹೊಂದಿಸಿದ ಮೇಲೇ ಅಂಕಿ ನಂಬಬೇಕು. ಇನ್ನೊಂದು ಲೆಕ್ಕ ನೋಡಿ. ಅಪ್ಪಟ ಸ್ಪಾಡ್ಯುಮೀನ್ ಆದರೂ ಅದರಲ್ಲಿ ಲಿಥಿಯಂ ಲೋಹ ಶೇ 3.7 ಮಾತ್ರ. ಆ ಸ್ಕ್ರೀನಿನ ಶೇ 6 ಎಲ್ಲಿಂದ ಬಂತು? ಬಹುಶಃ ಅವರು ಎಲ್ಲೋ ಕೇಳಿರಬೇಕು. ಗಣಿ ಕಂಪನಿಗಳು ಅದಿರನ್ನು ಹದ ಮಾಡಿ ಮಾರುವ ಪುಡಿಯಲ್ಲಿ ಲಿಥಿಯಂ ಆಕ್ಸೈಡ್ ಶೇ 6 ಇರುತ್ತದೆ. ಅಂಕಿ ಕದ್ದರು, ಅದು ಯಾವುದರ ಅಂಕಿ ಅಂತ ಕಲಿಯಲಿಲ್ಲ.

ಹತ್ತು ಸಾವಿರ ಕೊಟ್ಟು ಹೋಗುವವನು ಮೋಸಗಾರ ಹೇಗೆ ಅಂತ ನೀವು ಕೇಳಬಹುದು. ರೈಸ್ ಪುಲ್ಲಿಂಗ್ ಚೊಂಬು, ಎರಡು ತಲೆ ಹಾವು ಅಂತ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಜನ ಮನೆ ಕಳೆದುಕೊಂಡಿಲ್ಲ? ಮೊದಲು ಅವರೇ ಕೊಡುತ್ತಾರೆ. ಆಮೇಲೆ ‘ಲ್ಯಾಬ್ ಫೀಸು, ಪರ್ಮಿಟ್ ಖರ್ಚು, ಅರ್ಧ ನೀವು ಹಾಕಿ’ ಅಂತ ಶುರುವಾಗುತ್ತದೆ. ಇಲ್ಲವೇ ಸಹಿ ಹಾಕಿದ ಕಾಗದದಲ್ಲಿ ಜಮೀನಿನ ಕರಾರೇ ಇರುತ್ತದೆ. ನಿಮ್ಮ ಹತ್ತಿರ ಬಂದವರು ಇಂಥವರೇ ಅಂತ ನಾನು ಹೇಳಲಾರೆ. ಆದರೆ ನಿಜವಾಗಿ ಕಲ್ಲು ಬೇಕಾದವನು ಮೊದಲು ಸ್ಯಾಂಪಲ್ ಕೇಳುತ್ತಾನೆ, ಸಹಿ ಕೇಳುವುದಿಲ್ಲ.

ನೀವೇ ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಪರೀಕ್ಷೆ ಒಂದಿದೆ. ಮಗನ ಕೈಲಿ ಮಾಡಿಸಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಕಲ್ಲನ್ನು ತೊಳೆದು ಒರೆಸಿ ತೂಗಿ, 630 ಗ್ರಾಂ ಬಂತು ಅಂದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ, ಅಂಚು ಯಾವುದೂ ತಾಗಬಾರದು. ಈಗ ತಕ್ಕಡಿ ತೋರಿಸೋದು ಕಲ್ಲು ತಳ್ಳಿದ ನೀರಿನ ತೂಕ. ಅದು 200 ಗ್ರಾಂ ಅಂದುಕೊಳ್ಳಿ. 630ನ್ನು 200ರಿಂದ ಭಾಗಿಸಿದರೆ 3.15, ಅಂದರೆ ಕಲ್ಲು ಅಷ್ಟೇ ಜಾಗದ ನೀರಿಗಿಂತ ಅಷ್ಟು ಪಟ್ಟು ಭಾರ. ಸ್ಪಾಡ್ಯುಮೀನ್ 3.1ರಿಂದ 3.2ರ ಒಳಗೆ ಬರುತ್ತದೆ. ಬೆಣಚು 2.65. ಫೆಲ್ಸ್ಪಾರ್, ಬೆರಿಲ್ ಕೂಡ ಸಾಮಾನ್ಯವಾಗಿ 2.8 ದಾಟುವುದಿಲ್ಲ. ಕಯನೈಟ್ ಆದರೆ 3.5ರ ಮೇಲೆ ಹೋಗುತ್ತದೆ. ಮೊದಲು ಬದುವಿನ ಒಂದು ಬೆಣಚುಕಲ್ಲಿನಲ್ಲಿ ಮಾಡಿ ಕೈ ಪಳಗಲಿ. ಪೊರೆ ಕಟ್ಟಿ ಸವೆದ ತುಂಡು ಬೇಡ. ಸ್ಪಾಡ್ಯುಮೀನ್ ಸವೆದರೆ ಜೇಡಿಯಾಗುತ್ತದೆ, ತೂಕ ದಾರಿ ತಪ್ಪಿಸುತ್ತದೆ. ಗಟ್ಟಿ ತುಂಡಾದರೆ ಗಾಜನ್ನು ಸಲೀಸಾಗಿ ಗೀರುತ್ತದೆ. ಇದೇ ತೂಕದ ಬೇರೆ ಖನಿಜಗಳೂ ಇವೆ, ಶಿಸ್ಟ್ ಕಲ್ಲಿನ ಹಸಿರು ಆಕ್ಟಿನೊಲೈಟ್ ಹಾಗೆಯೇ ಮೋಸ ಮಾಡುತ್ತದೆ. ಅದಕ್ಕೆ ಕೊನೆಯ ಮಾತು ಲ್ಯಾಬಿನದ್ದೇ. ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಹರಳಿನ ರಚನೆ ನೋಡಿ ಹೆಸರು ಹೇಳಿಬಿಡುತ್ತಾರೆ.

ಜಮೀನಿನ ವಿಷಯ. ಹೊಲ ನಿಮ್ಮದು. ಆದರೆ ಲಿಥಿಯಂ ಖನಿಜ ತೆಗೆದು ಮಾರುವ ಹಕ್ಕು ಪಹಣಿಯ ಜೊತೆ ಬರುವುದಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಗುತ್ತಿಗೆ ಇಲ್ಲದೆ ಗಣಿ ಮಾಡಿದರೆ 5 ವರ್ಷದವರೆಗೆ ಜೈಲು ಆಗಬಹುದು. 2023ರ ತಿದ್ದುಪಡಿಯಲ್ಲಿ ಲಿಥಿಯಂ ಪರಮಾಣು ಖನಿಜಗಳ ಪಟ್ಟಿಯಿಂದ ಹೊರಬಂದು, ಖಾಸಗಿಯವರೂ ಹರಾಜಿನಲ್ಲಿ ಕೂಗಬಹುದಾದ ಖನಿಜವಾಯಿತು. ಆ ಹರಾಜು ಮಾಡುವುದು ಕೇಂದ್ರ ಸರ್ಕಾರ. ಟ್ರ್ಯಾಕ್ಟರ್ ಲೋಡ್ ಕಲ್ಲನ್ನು ರಾತ್ರಿ ಸಾಗಿಸಿದರೆ ಸಿಕ್ಕಿಬೀಳೋದು ಬೆಂಗಳೂರಿನವರಲ್ಲ, ಪಹಣಿಯಲ್ಲಿ ಹೆಸರಿರುವ ನೀವು.

ಹಾಗಂತ ಒಂದು ಕಲ್ಲು ಸಿಕ್ಕಿತು ಅಂತ ಸರ್ಕಾರ ನಾಳೆ ಬೆಳಗ್ಗೆ ಬೇಲಿ ಹಾಕುವುದಿಲ್ಲ. ಮರಳಗಾಲ–ಅಲ್ಲಾಪಟ್ಟಣವನ್ನೇ ನೋಡಿ. 2020ರಲ್ಲಿ 14,100 ಟನ್ ಲಿಥಿಯಂ ಅಂತ ಸುದ್ದಿಯಾಯಿತು. 2021ರಲ್ಲಿ ಸಂಸತ್ತಿಗೆ ಸರ್ಕಾರ ಹೇಳಿದ್ದು 1,600 ಟನ್, ಅದೂ ಪ್ರಾಥಮಿಕ ಅಂದಾಜು. ಒಂದು ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಅಂತ ಹಿಡಿದರೆ 2 ಲಕ್ಷ ಕಾರಿಗೆ ಆಯಿತು. ಚಿಲಿ ದೇಶದ ಹತ್ತಿರ 90 ಲಕ್ಷ ಟನ್‌ಗೂ ಜಾಸ್ತಿ ಇದೆ. ಮೇಲಾಗಿ 2022ರ ಕೊನೆಗೆ ಮುಗಿಲು ಮುಟ್ಟಿದ್ದ ಲಿಥಿಯಂ ಬೆಲೆ 2024ರ ಹೊತ್ತಿಗೆ ಮಕಾಡೆ ಮಲಗಿತು. ನಿಮ್ಮ ಹೊಲದಲ್ಲಿ ಆರಡಿ ಕೆಳಗೆ ಸಿಕ್ಕ ಪಟ್ಟೆ ಗಣಿಯಾಗೋದಕ್ಕೆ ಅದು ಎಷ್ಟು ಉದ್ದ, ಎಷ್ಟು ಆಳ, ಸರಾಸರಿ ಎಷ್ಟು ಲಿಥಿಯಂ ಅಂತ ಕೊರೆದು ನೋಡಬೇಕು. ಬಹುತೇಕ ಪಟ್ಟೆಗಳು ಆ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಮುಂದೊಂದು ದಿನ ಗಣಿ ಆಗಿಯೇ ಬಿಟ್ಟರೂ ಮೇಲ್ಮೈಯ ಹಕ್ಕುದಾರರಿಗೆ ಪರಿಹಾರ ಕೊಡಬೇಕು ಅಂತ ಕಾನೂನಿದೆ.

ಹಾಗಾದರೆ ನೀವು ಮಾಡಬಹುದಾದ್ದು ಏನು? ಹೊಂಡ ಹೊಂಡವಾಗಿಯೇ ಇರಲಿ, ನಾಲ್ಕಾರು ಒಳ್ಳೆ ಕಲ್ಲು ಎತ್ತಿಟ್ಟುಕೊಂಡು ಸುಮ್ನೆ ಇದ್ದುಬಿಡಿ. ಇದರಲ್ಲಿ ಅಪಾಯ ಕಡಿಮೆ. ಹೊಂಡದಿಂದ ಬಂದ ನಾಲ್ಕು ಕಲ್ಲು ಮನೆಯಲ್ಲಿಟ್ಟುಕೊಂಡವರನ್ನು ಯಾರಾದರೂ ಬಂದು ಕೇಳಿದ್ದನ್ನು ನನ್ನ ಅನುಭವದಲ್ಲಿ ನೋಡಿಲ್ಲ. ಇಲ್ಲವೇ ಮಂಡ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದು ಅರ್ಜಿ ಬರೆದು ತಿಳಿಸಿ. ಯಾರಾದರೂ ಬಂದು ನೋಡಬಹುದು, ಬರದೆಯೂ ಇರಬಹುದು. ಆದರೆ ನಾಳೆ ಯಾರೋ ನಿಮ್ಮ ಮೇಲೆ ಅಕ್ರಮ ಗಣಿ ಅಂತ ಮೂಗರ್ಜಿ ಹಾಕಿದರೆ ಸ್ವೀಕೃತಿ ಮೊಹರು ಇರುವ ಆ ಕಾಗದ ನಿಮ್ಮನ್ನು ಕಾಯುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಮಾಡಿ, ಕಲ್ಲು ಎತ್ತಿಡಿ, ಅರ್ಜಿಯನ್ನೂ ಕೊಡಿ. ಟನ್ ಲೆಕ್ಕದಲ್ಲಿ ಮಾರೋದು ಮಾತ್ರ ತಲೆಯಿಂದ ತೆಗೆದುಹಾಕಿ.

ಈಗ ಮಗನ ವಿಷಯ, ನನಗೆ ಇಷ್ಟವಾದದ್ದು ಇದೇ. ಕಿಟಕಿಯಲ್ಲಿರುವ ಗುಲಾಬಿ ತುಂಡು ನಿಜವಾಗಿ ಗುಲಾಬಿ ಸ್ಪಾಡ್ಯುಮೀನ್ ಆದರೆ ಅದಕ್ಕೆ ಕುಂಜೈಟ್ ಅನ್ನುತ್ತಾರೆ. 1902ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಪಚ್ಚೆ ಹಸಿರಿನದ್ದು ಹಿಡನೈಟ್, ಅದು ಇನ್ನೂ ಅಪರೂಪ. ಮಾಮೂಲಿ ಬೂದು ಸ್ಪಾಡ್ಯುಮೀನ್ ಅಪರೂಪವಲ್ಲ, ಈ ಎರಡು ಬಣ್ಣದ, ಆರಪಾರ ಕಾಣುವ ಹರಳು ಮಾತ್ರ ನಿಜವಾದ ಅಪರೂಪ. ಆದರೆ ಬೇಸರ ಮಾಡಿಕೊಳ್ಳಬೇಡಿ, ಫೋಟೊದಲ್ಲಿ ನನಗೆ ಕಂಡಿದ್ದು ಗುಲಾಬಿ ಫೆಲ್ಸ್ಪಾರ್. ತೂಕ ನೋಡಿದರೆ ಗೊತ್ತಾಗುತ್ತದೆ, 2.6ರ ಹತ್ತಿರ ಬಂದರೆ ಅದೇ. ಬೆರಳುಗುರಿನಿಂದ ಹಾಳೆ ಎದ್ದರೆ ಲೆಪಿಡೊಲೈಟ್, ಅದು ಲಿಥಿಯಂ ಇರುವ ಕಾಗೆಬಂಗಾರ. ಅದಾಗಿದ್ದರೆ ನನಗೆ ತಕ್ಷಣ ತಿಳಿಸಿ.

ಏನೇ ಆಗಿರಲಿ, ಕಿಟಕಿಯಿಂದ ತೆಗೆಸಿ. ಕುಂಜೈಟ್ ಬಣ್ಣ ಬಿಸಿಲಿಗೆ ಮಾಸುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದರೂ ಸ್ನೇಹಿತರೊಬ್ಬರು ಕೊಟ್ಟಿದ್ದ ಅಫ್ಘಾನಿಸ್ತಾನದ ಒಂದು ಹರಳನ್ನು ನಾನು ಸರಸ್ವತಿಪುರಂ ಮನೆಯ ಮೇಜಿನ ಮೇಲೆ, ಪಶ್ಚಿಮದ ಕಿಟಕಿ ಪಕ್ಕ ಇಟ್ಟೆ. ಎರಡು ಬೇಸಿಗೆ ಕಳೆಯೋದರಲ್ಲಿ ಗುಲಾಬಿ ಹೋಗಿ ನೀರಿನ ಹಾಗೆ ಬಣ್ಣವೇ ಇಲ್ಲದಂತಾಗಿಬಿಟ್ಟಿತು. ಅದರ ಕೆಳಗಿಟ್ಟಿದ್ದ ಲೇಬಲ್ಲಿನಲ್ಲಿ ಈಗಲೂ ‘ಗುಲಾಬಿ’ ಅಂತಲೇ ಇದೆ. ವ್ಯಾಪಾರಿಗಳು ವಿಕಿರಣ ಹಾಯಿಸಿ ಬಣ್ಣ ಬದಲಿಸೋದೂ ಉಂಟು, ಅದಕ್ಕೇ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹಸಿರು ಸ್ಪಾಡ್ಯುಮೀನ್ ಕೊಳ್ಳಬೇಡಿ.

ಸುತ್ತಿಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಹರಳಿಗೆ ಸೀಳುವ ದಿಕ್ಕು ಎರಡಿವೆ, ಅವು ಹತ್ತಿರ ಹತ್ತಿರ ಮೂಲೆಗಟ್ಟಿನಲ್ಲಿ, 87 ಡಿಗ್ರಿಯಲ್ಲಿ ಸೇರುತ್ತವೆ. ವಿದ್ಯಾರ್ಥಿಯಾಗಿದ್ದಾಗ ಫೀಲ್ಡಿನಲ್ಲಿ ಸಿಕ್ಕ ಮೊದಲ ಒಳ್ಳೆ ಹರಳನ್ನು ಬಿಡಿಸಲು ಹೋಗಿ ನಾನು ಒಂದೇ ಏಟು ಹಾಕಿದೆ. ಕೈಯಲ್ಲಿ ಉಳಿದದ್ದು ಚಕ್ಕೆ. ಮೇಷ್ಟ್ರು ಹತ್ತಿರ ಬಂದು ನೋಡಿ, ‘ಕಲ್ಲು ಓದೋಕೆ ಬಂದ್ಯೋ, ಸೌದೆ ಒಡೆಯೋಕೆ ಬಂದ್ಯೋ’ ಅಂದರು. ಹರಳಿನ ಸುತ್ತಲಿನ ಬೆಣಚನ್ನು ದೂರದಿಂದ, ಉಳಿ ಇಟ್ಟು ಬಿಡಿಸಬೇಕು. ಹರಳಿಗೆ ಏಟು ಬೀಳಬಾರದು. ಹಳೇ ಹಲ್ಲುಜ್ಜುವ ಬ್ರಷ್, ನೀರು ಸಾಕು. ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಧೂಳು ಅಂಟಿ ಜಿಡ್ಡಾಗುತ್ತದೆ.

ಲೇಬಲ್ ಇಲ್ಲದ ಕಲ್ಲು ಬರೀ ಕಲ್ಲು. ಊರು, ಸರ್ವೆ ನಂಬರ್, ಎಷ್ಟು ಅಡಿ ಆಳ, ಯಾವತ್ತು ಸಿಕ್ಕಿತು, ಪಟ್ಟೆ ಯಾವ ದಿಕ್ಕಿಗೆ ಓಡುತ್ತಿತ್ತು ಅಂತ ಮಗ ಇವತ್ತೇ ಬರೆದಿಡಲಿ. ಮುಂದಿನ ತಿಂಗಳು ಹೊಂಡ ತುಂಬಿದರೆ ಪಟ್ಟೆಯ ದಿಕ್ಕು ಮತ್ತೆ ಕಾಣುವುದಿಲ್ಲ. ಮೊಬೈಲಿನ ದಿಕ್ಸೂಚಿ ಸಾಕು, ಪಕ್ಕದಲ್ಲಿ ಗುದ್ದಲಿ ಇಟ್ಟು ಒಂದು ಫೋಟೊ ತೆಗೆಯಲಿ.

ಲ್ಯಾಬ್ ಪರೀಕ್ಷೆಗೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ವಿಚಾರಿಸಿ. ಹೆಬ್ಬೆರಳಿನಷ್ಟು ಗಾತ್ರದ ಸವೆಯದ ಚೂರು ಸಾಕು, ಮೊಳದುದ್ದದ್ದನ್ನು ಬಸ್ಸಿನಲ್ಲಿ ಹೊತ್ತು ತರಬೇಡಿ. ಬರುವಾಗ ಮಗನನ್ನೂ ಕರೆದುಕೊಂಡು ಬನ್ನಿ, ತಕ್ಕಡಿ ಲೆಕ್ಕ ಬರೆದ ಚೀಟಿ ಅವನ ಕೈಲಿರಲಿ.